ಬುಟ್ಟಿ ಏನನ್ನೂ ತಿದ್ದುವುದಿಲ್ಲ

ತಿದ್ದಪ್ಪ: "ನಡುವೆ ಇರುವುದು ದಡ್ಡವಾಗಿದ್ದಷ್ಟೂ ಒಳ್ಳೆಯದು." ಇದನ್ನ ಯಾರನ್ನ ಮನಸ್ಸಲ್ಲಿಟ್ಕೊಂಡು ಬರೆದೆ? ನಿಜ ಹೇಳು.

ಎಂಜಿನಿಯರ್: ಯಾರನ್ನೂ ಇಲ್ಲ ರೀ. ಅದು ನೆಟ್‌ವರ್ಕಿನ ಬಗ್ಗೆ.

ತಿದ್ದಪ್ಪ: ಈ ಮನೆಯ ನಡುಮಹಡಿಯಲ್ಲಿರೋದು ನಾನು.

ಎಂಜಿನಿಯರ್: ನಾನೂ ಇಲ್ಲೇ ಇರೋದು.

ತಿದ್ದಪ್ಪ: ನೀನು ಮಲಗೋಕೆ ಬರ್ತೀಯ. ಇರೋನು ನಾನು.

ಬೆಳಗಿನ ಕಾಫಿ ಲೋಟದಲ್ಲೇ ಆರುತ್ತಿತ್ತು. ಮೇಜಿನ ಮೇಲೆ ಎಂಜಿನಿಯರ್ ಹೆಂಡತಿಯ ವರದಿ ಹರಡಿಕೊಂಡಿತ್ತು. ಊರಿನ ಆಸ್ಪತ್ರೆಗಳನ್ನೆಲ್ಲ ಒಂದಕ್ಕೊಂದು ಜೋಡಿಸುವ ಹೊಸ ನೆಟ್‌ವರ್ಕು ಹೇಗಿರಬೇಕು ಎಂಬ ವರದಿ ಅದು. ಮಧ್ಯಾಹ್ನದ ಸಭೆಯಲ್ಲಿ ಅವಳು ಅದನ್ನು ಮಂಡಿಸಬೇಕಿತ್ತು. ಹೋಗುವ ಮುನ್ನ ಒಂದು ಸಲ ಕಾಗುಣಿತ ನೋಡಿಕೊಡಿ ಎಂದು ಗಂಡನ ಕೈಗೆ ಕೊಟ್ಟದ್ದು ತನ್ನದೇ ತಪ್ಪೆಂದು ಅವಳಿಗೆ ಈಗ ಅನ್ನಿಸತೊಡಗಿತ್ತು.

ಗಂಡ ಅಚ್ಚುಕೂಟಗಳಿಗೆ ಪ್ರೂಫ್ ತಿದ್ದುವವನು. ಕೆಲಸ ಮನೆಯಲ್ಲೇ. ಕೆಂಪು ಪೆನ್ಸಿಲ್ಲು ಕಿವಿಯ ಮೇಲಿಲ್ಲದಿದ್ದರೆ ಕೈಯಲ್ಲಿ ಇರುತ್ತದೆ. ಔಷಧದ ಡಬ್ಬಿ, ಮದುವೆಯ ಕರೆಯೋಲೆ, ಬಸ್ಸಿನ ಹಿಂಬದಿ, ಯಾವುದರಲ್ಲಿ ತಪ್ಪು ಕಂಡರೂ ಅವನ ಕೈ ಸುಮ್ಮನಿರುವುದಿಲ್ಲ. ತಿದ್ದಪ್ಪ ಎಂಬ ಹೆಸರು ಇಟ್ಟವರು ಅವನ ದೊಡ್ಡಮ್ಮ. ಈಗ ಹೆತ್ತ ತಾಯಿಯೂ ಹಾಗೆಯೇ ಕರೆಯುತ್ತಾರೆ.

ಎಂಜಿನಿಯರ್: ನೋಡಿ, ನೆಟ್‌ವರ್ಕಲ್ಲಿ ನಡುವೆ ಇರೋದರ ಕೆಲಸ ಇಷ್ಟೇ. ಈ ಕಡೆಯಿಂದ ಬಂದದ್ದನ್ನ ಆ ಕಡೆಗೆ ದಾಟಿಸೋದು. ಒಳಗೆ ಏನಿದೆ ಅಂತ ನೋಡಬಾರದು. ಅರ್ಥ ಮಾಡ್ಕೊಳ್ಳೋದು, ಸರಿಯಾಗಿ ಬಂತಾ ಅಂತ ನೋಡೋದು, ಬರದಿದ್ರೆ ಮತ್ತೆ ಕೇಳೋದು, ಇದೆಲ್ಲ ಎರಡು ತುದಿಗಳ ಜವಾಬ್ದಾರಿ.

ತಿದ್ದಪ್ಪ: ತಪ್ಪು ಕಣ್ಣಿಗೆ ಬಿದ್ರೂ?

ಎಂಜಿನಿಯರ್: ಬಿದ್ರೂ.

ತಿದ್ದಪ್ಪ: ಎದ್ದು ಕಾಣೋ ತಪ್ಪು?

ಎಂಜಿನಿಯರ್: ಕಣ್ಣು ಮುಚ್ಕೊಂಡು ದಾಟಿಸಬೇಕು.

ತಿದ್ದಪ್ಪ: ಇದು ನೆಟ್‌ವರ್ಕಲ್ಲ ಕಣೇ, ಅನ್ಯಾಯ.

ಅಷ್ಟರಲ್ಲಿ ಮೇಲೆ ದಡಾರೆಂದು ಏನೋ ಎಳೆದ ಸದ್ದಾಯಿತು. ಚಾವಣಿಯ ದೀಪ ತೂಗಾಡಿತು. ಅದರ ಹಿಂದೆಯೇ ಮೆಟ್ಟಿಲ ಬುಡದಿಂದ ಅತ್ತೆಯ ದನಿ.

ಅತ್ತೆ: ಲೋ ತಿದ್ದಪ್ಪಾ! ಹೊರಟ್ಲೇನೋ ಅವಳು?

ತಿದ್ದಪ್ಪ: ಹೊರಡ್ತಿದ್ದಾರಮ್ಮ! ಪೆಟ್ಟಿಗೆ ಕಟ್ತಿದ್ದಾರೆ!

ಅತ್ತೆ: ಹಸಿರು ಕಂಬಳಿ ಮರೀಬೇಡ ಅನ್ನು!

ಎಂಜಿನಿಯರ್: ಯಾರು ಹೊರಡ್ತಿರೋದು? ಎಲ್ಲಿಗೆ?

ತಿದ್ದಪ್ಪ: ನಿನಗೆ ಹೇಳೋಣ ಅಂತಲೇ ಇದ್ದೆ. ದೊಡ್ಡಮ್ಮ ಇವತ್ತಿಂದ ಕೆಳಗೆ, ಅಮ್ಮನ ರೂಮಿಗೆ. ನಿನ್ನೆ ನಾನೇ ಓಡಾಡಿ ಮಾತು ಮುಗಿಸಿದೆ. ಒಂದು ಕೆಟ್ಟ ಮಾತಿಲ್ಲದೆ ಮುಗಿದ ಮೊದಲನೇ ವ್ಯವಹಾರ ಈ ಮನೇಲಿ.

ಮೂರು ಮಹಡಿಯ ಇಕ್ಕಟ್ಟಿನ ಮನೆ ಅದು. ಕೆಳಗೆ ಅತ್ತೆ, ಮೇಲೆ ಅವರ ಅಕ್ಕ, ಎಂದರೆ ದೊಡ್ಡಮ್ಮ, ನಡುವೆ ಗಂಡ ಹೆಂಡತಿ. ಅಕ್ಕತಂಗಿಯರಿಬ್ಬರಿಗೂ ಮಂಡಿನೋವು. ಮೆಟ್ಟಿಲು ಹತ್ತಿಳಿದು ಎಷ್ಟೋ ತಿಂಗಳಾಗಿತ್ತು. ಫೋನು ಕಿವಿಗೆ ಹಿಡಿದರೆ ದೊಡ್ಡಮ್ಮನ ಕಿವಿಯ ಯಂತ್ರ ಸಿಳ್ಳೆ ಹೊಡೆಯುತ್ತದೆ. ಕಿಟಕಿಯಿಂದ ಕೂಗಿ ಹೇಳಿದರೆ ಬೀದಿಗೆಲ್ಲ ಕೇಳಿಸುತ್ತದೆ, ದೊಡ್ಡಮ್ಮನಿಗೆ ಮಾತ್ರ ಕೇಳಿಸುವುದಿಲ್ಲ. ಹೀಗಾಗಿ ಸಾಮಾನೆಲ್ಲ ಹಗ್ಗ ಕಟ್ಟಿದ ಬುಟ್ಟಿಯಲ್ಲಿ ಹೋಗಿಬರುತ್ತಿತ್ತು. ಹಣ್ಣು, ಉಣ್ಣೆಯ ಉಂಡೆ, ಓದಿದ ಪತ್ರಿಕೆ, ಒಮ್ಮೆ ಒಂದು ಬೆಕ್ಕಿನ ಮರಿ. ನಡುಮಹಡಿಯ ಅಡುಗೆಮನೆಯ ಕಿಟಕಿಯ ಮುಂದೆ ಆ ಬುಟ್ಟಿ ಹಾದುಹೋಗುವುದು ಅವಳಿಗೆ ಗಡಿಯಾರದಷ್ಟೇ ರೂಢಿಯಾಗಿತ್ತು. ಮಾತು ಮಾತ್ರ ತಿದ್ದಪ್ಪನ ಬಾಯಲ್ಲಿ ಹೋಗುತ್ತಿತ್ತು.

ಎಂಜಿನಿಯರಿಗೆ ಸಂತೋಷವೇ ಆಯಿತು. ಹೊಸದಾಗಿ ಈ ಮನೆಗೆ ಬಂದಾಗ ಕೆಲಸ ಮುಗಿಸಿ ಹೊತ್ತುಮೀರಿ ಬರುತ್ತಿದ್ದವಳಿಗೆ ಊಟ ಬಿಸಿಯಾಗಿಟ್ಟು, ಯಾರಾದರೂ ಏನಾದರೂ ಅಂದರೆ ಅವರ ಬಾಯಿ ಮುಚ್ಚಿಸುತ್ತಿದ್ದವರು ದೊಡ್ಡಮ್ಮ. ಈಗಲೂ ಆಫೀಸಿನ ಸಿಟ್ಟನ್ನೆಲ್ಲ ಅವಳು ಇಳಿಸಿ ಬರುವುದು ಅವರ ಮಂಚದ ಅಂಚಿನಲ್ಲೇ. ಅವರು ಇನ್ನು ಆ ಮೆಟ್ಟಿಲುಗಳ ತಲೆಯಲ್ಲಿ ಒಬ್ಬರೇ ಇರಬೇಕಿಲ್ಲ ಎಂದುಕೊಳ್ಳುವಷ್ಟರಲ್ಲಿ ಬಾಗಿಲು ಬಡಿಯಿತು. ಹೊರಗೆ ದಪ್ಪ ಮೀಸೆಯ ವ್ಯಾನಿನವನು ನಿಂತಿದ್ದ.

ವ್ಯಾನಿನವನು: ಪೆಟ್ಟಿಗೆ ಎತ್ತೋಕೆ ಬಂದೆ. ಅಮ್ಮನವರು ಮಗಳ ಮನೆಗೆ ಹೋಗ್ತಾರಂತಲ್ಲ, ಇದೇ ಮಹಡಿಯಾ?

ಎಂಜಿನಿಯರ್: ಇನ್ನೊಂದು ಮಹಡಿ ಮೇಲೆ. ಅಲ್ಲ, ನಿಲ್ಲಿ. ಯಾರ ಮನೆಗೆ?

ವ್ಯಾನಿನವನು: ಮಗಳ ಮನೆಗೆ. ಅಮ್ಮನವರು ನಿನ್ನೆ ಹೇಳಿ ಕಳಿಸಿದ್ರಂತೆ, ಅಳಿಯಂದಿರು ಬೆಳಿಗ್ಗೆ ಫೋನ್ ಮಾಡಿದ್ರು. ಒಂದೇ ಸಲಕ್ಕೆ ಎಲ್ಲಾ ತುಂಬಿಸ್ಕೊಂಡು ಬಾ, ನಮ್ಮತ್ತೆ ಇನ್ನು ಆ ಮನೆಗೆ ವಾಪಸ್ ಹೋಗಲ್ಲ ಅಂದ್ರು.

ಅವಳು ಗಂಡನ ಕಡೆ ತಿರುಗಿದಳು. ಅವನು ಪೆನ್ಸಿಲಿನ ತುದಿಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ.

ಎಂಜಿನಿಯರ್: ಮೇಲಿಂದ ಕೆಳಗೆ ಬರೋಕೆ ವ್ಯಾನು ಯಾಕ್ರೀ?

ತಿದ್ದಪ್ಪ: ನಿನ್ನೆ ದೊಡ್ಡಮ್ಮ ಮಗಳ ಮನೆ ಅಂತ ಏನೋ ಅಂದಿದ್ರು. ನಾನು ಅದನ್ನ ತೆಗೆದುಹಾಕಿದೆ.

ಎಂಜಿನಿಯರ್: ಏನು ಮಾಡಿದ್ರಿ?

ತಿದ್ದಪ್ಪ: ಕೋಪದಲ್ಲಿ ಆಡಿದ ಮಾತು ಕಣೇ. ಅಚ್ಚಿಗೆ ಹೋಗೋದಲ್ಲ.

ವ್ಯಾನಿನವನಿಗೆ ಕುರ್ಚಿ ಕೊಟ್ಟು, ಕಾಫಿ ಕೊಟ್ಟು, ಅವಳು ಗಂಡನ ಎದುರು ಕುಳಿತಳು.

ಎಂಜಿನಿಯರ್: ನಿನ್ನೆ ಅತ್ತೆ ಏನು ಹೇಳಿ ಕಳಿಸಿದ್ರು? ಒಂದಕ್ಷರ ಬಿಡದೆ ಹೇಳಿ.

ತಿದ್ದಪ್ಪ: ಹೇಳಬಾರದ ಮಾತುಗಳಿವೆ.

ಎಂಜಿನಿಯರ್: ಹೇಳಿ.

ತಿದ್ದಪ್ಪ: "ಆ ಮುದುಕಿಗೆ ಹೇಳು. ಗೂಬೆ ಥರ ಮೇಲೆ ಒಬ್ಬಳೇ ಕೂತಿದ್ದು ಸಾಕು. ಗಂಟುಮೂಟೆ ಕಟ್ಕೊಂಡು ನನ್ನ ರೂಮಲ್ಲಿ ಬಂದು ಬೀಳು ಅನ್ನು."

ವ್ಯಾನಿನವನು: ಪಾಪ, ಎಷ್ಟು ಪ್ರೀತಿ.

ಎಂಜಿನಿಯರ್: ನೀವು ಮೇಲೆ ಹೋಗಿ ಏನು ಹೇಳಿದ್ರಿ?

ತಿದ್ದಪ್ಪ: ಮೊದಲು "ಮುದುಕಿ" ತೆಗೆದೆ. ಆಮೇಲೆ "ಗೂಬೆ" ತೆಗೆದೆ. "ಬಂದು ಬೀಳು" ಅನ್ನೋದನ್ನ ಹಿರಿಯರಿಗೆ ಹೇಗೆ ಹೇಳೋದು, ಅದನ್ನೂ ತೆಗೆದೆ. ಅದು ಹೋದ ಮೇಲೆ "ನನ್ನ ರೂಮಲ್ಲಿ" ಅನ್ನೋದು ಕ್ರಿಯಾಪದ ಇಲ್ಲದೆ ನೇತಾಡ್ತಿತ್ತು. ಅದನ್ನೂ ಕತ್ತರಿಸಿದೆ.

ಎಂಜಿನಿಯರ್: ಉಳಿದದ್ದು?

ತಿದ್ದಪ್ಪ: "ತಾವು ಮೇಲಿನ ಮಹಡಿಯಲ್ಲಿದ್ದದ್ದು ಸಾಕು. ದಯವಿಟ್ಟು ಗಂಟುಮೂಟೆ ಕಟ್ಟಿಕೊಳ್ಳಬೇಕೆಂದು ಅಮ್ಮ ತಿಳಿಸಿದ್ದಾರೆ."

ವ್ಯಾನಿನವನು ಕಾಫಿಯನ್ನು ನೆತ್ತಿಗೇರಿಸಿಕೊಂಡು ಕೆಮ್ಮತೊಡಗಿದ.

ಎಂಜಿನಿಯರ್: "ದಯವಿಟ್ಟು" ಎಲ್ಲಿಂದ ಬಂತು?

ತಿದ್ದಪ್ಪ: ಅಷ್ಟೊಂದು ತೆಗೆದೆನಲ್ಲ, ಒಂದಾದ್ರೂ ಸೇರಿಸೋಣ ಅಂತ.

ಎಂಜಿನಿಯರ್: ಅತ್ತೆ ಜೀವಮಾನದಲ್ಲಿ ಅಕ್ಕನಿಗೆ ದಯವಿಟ್ಟು ಅಂದಿದ್ದು ಕೇಳಿದ್ದೀರಾ?

ತಿದ್ದಪ್ಪ: ಇಲ್ಲ. ಅದಕ್ಕೇ ಕೊರತೆ ಅನ್ನಿಸ್ತು.

ಎಂಜಿನಿಯರ್: ಅಯ್ಯೋ! "ಮುದುಕಿ" ಬೈಗುಳ ಅಲ್ಲ ರೀ, ಅದು ಅತ್ತೆಯ ಸಹಿ! ಅದು ಇದ್ರೆ ಮಾತು ತಂಗಿಯದ್ದು ಅಂತ ದೊಡ್ಡಮ್ಮನಿಗೆ ಗೊತ್ತಾಗುತ್ತೆ. ಸಹಿ ಕಿತ್ತು, ವಿಳಾಸ ಕಿತ್ತು, ಮೇಲೆ ದಯವಿಟ್ಟು ಅಂಟಿಸಿ ಕೊಟ್ರೆ ಅದು ಮನೆ ಖಾಲಿ ಮಾಡಿ ಅನ್ನೋ ನೋಟೀಸು!

ತಿದ್ದಪ್ಪ: ಭಾಷೆ ಮಾತ್ರ ಶುದ್ಧವಾಗಿತ್ತು.

ಎಂಜಿನಿಯರ್: ಅದಕ್ಕೆ ದೊಡ್ಡಮ್ಮ ಏನಂದ್ರು?

ತಿದ್ದಪ್ಪ: "ಹೋಗ್ತೀನಿ ಅನ್ನು. ನಾಳೆನೇ ಮಗಳ ಮನೆಗೆ ಹೋಗ್ತೀನಿ. ಇನ್ನು ನನ್ನ ಹೆಣ ನೋಡೋಕೂ ಬರಬೇಡ ಅನ್ನು" ಅಂದ್ರು.

ಎಂಜಿನಿಯರ್: ಅತ್ತೆಗೆ ಹೋಗಿ ಹೇಳಿದ್ದು?

ತಿದ್ದಪ್ಪ: "ದೊಡ್ಡಮ್ಮ ಒಪ್ಪಿದ್ದಾರೆ. ನಾಳೆ ಹೊರಡ್ತಾರೆ."

ಅವಳು ಎದ್ದು ಎರಡೆರಡು ಮೆಟ್ಟಿಲು ಹಾರಿಕೊಂಡು ಮೇಲೆ ಓಡಿದಳು. ದೊಡ್ಡಮ್ಮ ತುಂಬಿ ಉಬ್ಬಿದ ಪೆಟ್ಟಿಗೆಯ ಮುಚ್ಚಳವನ್ನು ಎರಡೂ ಕೈಯಿಂದ ಒತ್ತುತ್ತಿದ್ದರು. ಕಣ್ಣು ಕೆಂಪಾಗಿತ್ತು.

ದೊಡ್ಡಮ್ಮ: ಬಂದ್ಯಾ? ಬಾ, ಇದರ ಮೇಲೆ ಕೂತ್ಕೋ. ಮುಚ್ಚಳ ಕೂರ್ತಿಲ್ಲ.

ಎಂಜಿನಿಯರ್ ಪೆಟ್ಟಿಗೆಯ ಮೇಲೆ ಕುಳಿತಳು. ಕುಳಿತ ಮೇಲೆ ತಾನೇನು ಮಾಡುತ್ತಿದ್ದೇನೆಂದು ಹೊಳೆಯಿತು.

ಎಂಜಿನಿಯರ್: ದೊಡ್ಡಮ್ಮಾ, ಅತ್ತೆ ಹಾಗೆ ಹೇಳೇ ಇಲ್ಲ! ತಮ್ಮ ರೂಮಿಗೆ ಬಾ ಅಂದಿದ್ರು. ಇವರು ನಡುವೆ ತಿದ್ದಿಬಿಟ್ಟಿದ್ದಾರೆ.

ದೊಡ್ಡಮ್ಮ: ಒಳ್ಳೆಯವಳಮ್ಮ ನೀನು. ಗಂಡನ ಮೇಲೆ ಹಾಕ್ಕೊಂಡು ಅತ್ತೇನ ಉಳಿಸ್ತಿದ್ದೀಯ.

ಎಂಜಿನಿಯರ್: ನಿಜವಾಗ್ಲೂ! ಮುದುಕಿ ಅಂದಿದ್ರಂತೆ, ಗೂಬೆ ಅಂದಿದ್ರಂತೆ!

ದೊಡ್ಡಮ್ಮ: ಅಂತೆ. ನಿನ್ನೆ ಅವನು ಬಂದು ಒಂದಂತೆ ಹೇಳ್ದ, ಇವತ್ತು ನೀನು ಬಂದು ಇನ್ನೊಂದಂತೆ ಹೇಳ್ತಿದ್ದೀಯ. ನಿಮ್ಮ ನಡುಮಹಡಿಯಿಂದ ಬಂದ ಮಾತು ನಂಗಿನ್ನು ಬೇಡ. ಸ್ವಲ್ಪ ಬಲಕ್ಕೆ ಸರಿದು ಕೂತ್ಕೋ. ಹಾಂ, ಕೂತ್ಕೊಂಡ್ತು. ಕೊಂಡಿ ಹಾಕು.

ಅವಳು ಕೊಂಡಿ ಹಾಕಿ ಕೆಳಗಿಳಿದು ಬಂದಳು. ತಿದ್ದಪ್ಪ ಮೆಟ್ಟಿಲ ಬಳಿ ಕಾಯುತ್ತಿದ್ದ. ಮುಖ ಬಾಡಿತ್ತು.

ತಿದ್ದಪ್ಪ: ನಾನೇ ಹೋಗಿ ತಿದ್ದುಪಡಿ ಹೇಳಿ ಬರ್ಲಾ?

ಎಂಜಿನಿಯರ್: ಬೇಡ! ನಮ್ಮಿಬ್ಬರ ಬಾಯಿಗೂ ಈಗ ಬೆಲೆ ಇಲ್ಲ. ಅತ್ತೆಯ ಮಾತು ಅತ್ತೆಯ ಬಾಯಿಂದ ಹೊರಟು ದೊಡ್ಡಮ್ಮನ ಕಿವೀಲೇ ಇಳಿಬೇಕು. ನಡುವೆ ಯಾರೂ ಮುಟ್ಟಬಾರದು.

ತಿದ್ದಪ್ಪ: ಅಂಥೋರು ಈ ಮನೇಲಿ ಯಾರಿದ್ದಾರೆ?

ಕಿಟಕಿಯ ಹೊರಗೆ ಖಾಲಿ ಬುಟ್ಟಿ ಗಾಳಿಗೆ ಗೋಡೆ ತಟ್ಟುತ್ತಿತ್ತು. ಅವಳು ಅದನ್ನು ನೋಡಿದಳು. ಇಷ್ಟು ವರ್ಷ ಅದು ಹಾದುಹೋಗಿದೆ. ಒಮ್ಮೆಯಾದರೂ ಒಂದು ಹಣ್ಣನ್ನು ಇನ್ನೊಂದು ಹಣ್ಣು ಮಾಡಿಲ್ಲ. ಬೆಕ್ಕಿನ ಮರಿಯನ್ನೂ ಬೆಕ್ಕಿನ ಮರಿಯಾಗಿಯೇ ತಲುಪಿಸಿತ್ತು.

ಕೆಳಗೆ ಅತ್ತೆ ಕಪಾಟಿನ ಅರ್ಧ ಖಾಲಿ ಮಾಡಿ, ಎರಡನೆಯ ಮಂಚಕ್ಕೆ ಹೊಸ ಹೊದಿಕೆ ಹಾಸಿ ಕುಳಿತಿದ್ದರು. ವಿಷಯ ಕೇಳಿ ಅವರ ಮುಖದ ಬಣ್ಣ ಬದಲಾಯಿತು.

ಅತ್ತೆ: ದಯವಿಟ್ಟು ಅಂದ್ನಾ? ನನ್ನ ಹೆಸರಲ್ಲಿ? ಆ ಗೂಬೆಗೆ? ಕರಿ ಅವನನ್ನ!

ಎಂಜಿನಿಯರ್: ಆಮೇಲೆ ಕರೀತೀನಿ ಅತ್ತೆ. ಮೊದಲು ದೊಡ್ಡಮ್ಮನಿಗೆ ಏನು ಹೇಳಬೇಕೋ ಅದನ್ನ ಈ ಫೋನಿಗೆ ಹೇಳಿ. ನಿಮ್ಮ ದನಿ ಹಾಗೇ ಇದರಲ್ಲಿ ಉಳಿಯುತ್ತೆ. ಬುಟ್ಟೀಲಿ ಇಟ್ಟು ಕಳಿಸೋಣ. ಕಿವಿಗೆ ಹಿಡಿಯೋದು ಬೇಡ, ಮೇಜಿನ ಮೇಲಿಟ್ಟು ಈ ಗುಂಡಿ ಒತ್ತಿದ್ರೆ ಸಾಕು, ಜೋರಾಗಿ ಕೇಳುತ್ತೆ. ಗುಂಡಿ ಒತ್ತೋದು ದೊಡ್ಡಮ್ಮನಿಗೆ ಗೊತ್ತು.

ಅತ್ತೆ: ಏನು ಬೇಕಾದ್ರೂ ಹೇಳಬಹುದಾ?

ಎಂಜಿನಿಯರ್: ಏನು ಬೇಕಾದ್ರೂ.

ಅತ್ತೆ: ನೀನು ಆಚೆ ಹೋಗು.

ಅವಳು ಬಾಗಿಲು ಎಳೆದುಕೊಂಡು ಬಂದಳು. ಬಾಗಿಲ ಸಂದಿಯಿಂದ "ಲೇ ಮುದುಕಿ" ಎಂಬಷ್ಟು ಕೇಳಿಸಿತು. ಮುಂದಿನದನ್ನು ಕೇಳಿಸಿಕೊಳ್ಳದೆ ಹತ್ತಿ ಬಂದದ್ದು ತನ್ನ ವೃತ್ತಿಜೀವನದ ಅತಿ ಕಷ್ಟದ ಕೆಲಸವೆಂದು ಅವಳಿಗೆ ಅನ್ನಿಸಿತು.

ನಡುಮಹಡಿಯ ಕಿಟಕಿಯಲ್ಲಿ ಮೂರು ತಲೆಗಳು ಸೇರಿದವು. ವ್ಯಾನಿನವನಿಗೆ ಹೊರಡುವ ಆತುರವೇನೂ ಉಳಿದಿರಲಿಲ್ಲ. ಕೆಳಗಿನಿಂದ ಹಗ್ಗ ಎರಡು ಸಲ ಜಗ್ಗಿತು. ತುಸು ಹೊತ್ತು ಏನೂ ಆಗಲಿಲ್ಲ. ಮತ್ತೆ ಎರಡು ಸಲ ಜಗ್ಗಿತು.

ವ್ಯಾನಿನವನು: ಇದೇನು ಜಗ್ಗೋದು?

ತಿದ್ದಪ್ಪ: ಕಳಿಸ್ಲಾ ಅಂತ ಕೇಳೋದು. ಮೇಲಿಂದ ಎರಡು ಜಗ್ಗಿದ್ರೆ ಕಳಿಸು ಅಂತ. ಆಮೇಲೆ ಕೆಳಗಿಂದ ಒಂದು ಜಗ್ಗಿದ್ರೆ ತಗೋ, ಎಳಿ ಅಂತ. ಉತ್ತರ ಬರದಿದ್ರೆ ಮತ್ತೆ ಮೊದಲಿಂದ.

ಎಂಜಿನಿಯರ್: ನೆಟ್‌ವರ್ಕಲ್ಲಿ ಎರಡು ಯಂತ್ರಗಳು ಮಾತು ಶುರು ಮಾಡೋದೂ ಹೀಗೇ. ಇದನ್ನ ನಾನು ಆಫೀಸಲ್ಲಿ ಹೊಸಬರಿಗೆ ಎರಡು ಗಂಟೆ ಪಾಠ ಮಾಡ್ತೀನಿ.

ತಿದ್ದಪ್ಪ: ಅಷ್ಟೊತ್ತು ಏನು ಹೇಳ್ತೀಯ?

ಮೂರನೆಯ ಸಲಕ್ಕೆ ಮೇಲಿನಿಂದ ಹಗ್ಗ ಜಗ್ಗಿತು, ಎರಡು ಸಲ, ಅರೆಮನಸ್ಸಿನಿಂದ. ಕೆಳಗಿನಿಂದ ಒಂದು ಸಲ ಜಗ್ಗಿತು. ಬುಟ್ಟಿ ಮೇಲೇರಿ ಬಂತು. ಅವರ ಕಿಟಕಿಯ ಎದುರಿಗೆ ಸರಿಯಾಗಿ ಬಂದು, ಹೂವಿನ ಕುಂಡದ ಕಬ್ಬಿಣಕ್ಕೆ ಸಿಕ್ಕಿ ನಿಂತುಬಿಟ್ಟಿತು. ಒಳಗೆ ಒಂದು ಕರವಸ್ತ್ರದಲ್ಲಿ ಸುತ್ತಿದ ಫೋನು.

ತಿದ್ದಪ್ಪನ ಕೈ ತಾನಾಗಿ ಮುಂದೆ ಹೋಯಿತು.

ಎಂಜಿನಿಯರ್: ಕೈ!

ತಿದ್ದಪ್ಪ: ಸಿಕ್ಕು ಬಿಡಿಸಬೇಡ್ವಾ?

ಎಂಜಿನಿಯರ್: ಸಿಕ್ಕು ಬಿಡಿಸಿ. ದಾರಿ ತೆರವು ಮಾಡೋದು ನಮ್ಮ ಕೆಲಸ. ಬುಟ್ಟಿಯೊಳಗೆ ಬೆರಳು ಹೋಗಬಾರದು.

ತಿದ್ದಪ್ಪ: ಅಮ್ಮ ಅದರಲ್ಲಿ "ಹೆಣ" ಅಂದಿದ್ರೆ?

ಎಂಜಿನಿಯರ್: ಅಂದಿರ್ಲಿ.

ತಿದ್ದಪ್ಪ: ಎರಡು ಸಲ ಅಂದಿದ್ರೆ? ಒಂದಾದ್ರೂ...

ಎಂಜಿನಿಯರ್: ರೀ!

ಅವನು ಮುಖ ಆಚೆ ತಿರುಗಿಸಿಕೊಂಡು ಸಿಕ್ಕು ಬಿಡಿಸಿದ. ಬುಟ್ಟಿ ಮೇಲಕ್ಕೆ ಹೋಗಿ ಕಣ್ಮರೆಯಾಯಿತು. ಆಮೇಲೆ ಕಾಯುವುದೊಂದೇ ಉಳಿಯಿತು. ಸುಮ್ಮನೆ ಕಾಯುವುದು ಗೊತ್ತಿಲ್ಲದ ತಿದ್ದಪ್ಪ ಮೇಜಿನ ಬಳಿಗೆ ಹೋಗಿ ವರದಿಯ ಹಾಳೆ ತಿರುವಿದ.

ತಿದ್ದಪ್ಪ: ಇಲ್ಲಿ ನಾಲ್ಕನೇ ಪುಟದಲ್ಲಿ ಒಂದು ಪೆಟ್ಟಿಗೆ ಇದೆಯಲ್ಲ, ಇದು ಯಾರು?

ಎಂಜಿನಿಯರ್: ಯಾರು ಅಲ್ಲ, ಏನು. ಅದು ನಾನೇ ಹೊಸದಾಗಿ ಸೇರಿಸಿದ್ದು. ಆಸ್ಪತ್ರೆಗಳ ನಡುವೆ ಕೂರೋ ಜಾಣ ಪೆಟ್ಟಿಗೆ.

ತಿದ್ದಪ್ಪ: "ಹಾದುಹೋಗುವ ಸಂದೇಶವನ್ನು ತೆರೆದು ನೋಡಿ, ಅನಗತ್ಯವೆನಿಸಿದ್ದನ್ನು ತೆಗೆದು ಮುಂದಕ್ಕೆ ಕಳುಹಿಸುತ್ತದೆ."

ಎಂಜಿನಿಯರ್: ಹೂಂ. ಅದರಿಂದ ವೇಗ ಹೆಚ್ಚುತ್ತೆ.

ತಿದ್ದಪ್ಪ: ನಾನೂ ನಿನ್ನೆ ಬೇಗನೇ ಹೇಳಿ ಮುಗಿಸಿದೆ.

ಅವಳು ಕಿಟಕಿ ಬಿಟ್ಟು ತಿರುಗಿದಳು.

ತಿದ್ದಪ್ಪ: "ಸಂದೇಶ ತಲುಪಿತೆಂಬ ಉತ್ತರವನ್ನು ಪೆಟ್ಟಿಗೆಯೇ ಕೊಡುತ್ತದೆ." ದೊಡ್ಡಮ್ಮ ಒಪ್ಪಿದ್ದಾರೆ ಅಂತ ಅಮ್ಮನಿಗೆ ಉತ್ತರ ಕೊಟ್ಟೋನೂ ನಾನೇ.

ಎಂಜಿನಿಯರ್: ಅದು ಬೇರೆ, ಇದು ಬೇರೆ.

ತಿದ್ದಪ್ಪ: ಡಾಕ್ಟ್ರು ಒತ್ತಿ ಹೇಳೋಕೆ "ಬೇಡ, ಈ ಔಷಧ ಬೇಡ" ಅಂತ ಬರೆದ್ರೆ, ಇದು ಒಂದು "ಬೇಡ" ತೆಗೆಯುತ್ತೋ, ಎರಡೂ ತೆಗೆಯುತ್ತೋ?

ಎಂಜಿನಿಯರ್ ಬಂದು ಆ ಹಾಳೆಯನ್ನು ಕೈಗೆತ್ತಿಕೊಂಡಳು. ಮೂರು ವಾರ ಕುಳಿತು ಬರೆದ ಪುಟ ಅದು. ನಡುವೆ ಇರುವುದು ದಡ್ಡವಾಗಿರಲಿ ಎಂದು ಮೊದಲನೆಯ ಪುಟದಲ್ಲಿ ತಾನೇ ಬರೆದ ಸಾಲು ಮೇಜಿನ ಆ ತುದಿಯಿಂದ ಅವಳನ್ನೇ ನೋಡುತ್ತಿತ್ತು.

ತಿದ್ದಪ್ಪ: ನೀನು ಇಡೀ ಊರಿನ ಆಸ್ಪತ್ರೆಗಳ ನಡುವೆ ನನ್ನನ್ನ ಕೂರಿಸಿದ್ದೀಯ ಕಣೇ.

ವ್ಯಾನಿನವನು: ನಮ್ಮ ಅಪ್ಪ ಆಸ್ಪತ್ರೇಲೇ ಇದ್ದಾರೆ ಅಮ್ಮಾ. ದಯವಿಟ್ಟು ಕೂರಿಸಬೇಡಿ.

ಅಷ್ಟರಲ್ಲಿ ಮೇಲಿನಿಂದ ವ್ಯಾನಿನವನಿಗೆ ಕರೆ ಬಂತು. ಅವನು ಹೋದ. ಪೆಟ್ಟಿಗೆ ಹೊತ್ತು ಇಳಿದು, ತೆರೆದ ಬಾಗಿಲ ಮುಂದೆ ಹಾದು ಕೆಳಗೆ ಹೋದ. ಅವನ ಹಿಂದೆ ದೊಡ್ಡಮ್ಮ, ಒಂದೊಂದೇ ಮೆಟ್ಟಿಲ ಮೇಲೆ ಕುಳಿತೆದ್ದು. ಎಂಜಿನಿಯರ್ ಓಡಿಹೋಗಿ ತೋಳು ಹಿಡಿದಳು.

ಎಂಜಿನಿಯರ್: ಹೊರಟೇಬಿಟ್ರಾ ದೊಡ್ಡಮ್ಮಾ?

ದೊಡ್ಡಮ್ಮ: ಹೋಗದೆ? ಎಂಥಾ ಬಾಯಿ ಅವಳದ್ದು! ಮುದುಕಿಯಂತೆ, ಗೂಬೆಯಂತೆ, ಸತ್ರೆ ನಂಗೆ ಮೊದಲು ಗೊತ್ತಾಗಬೇಕು ಅದಕ್ಕೆ ಪಕ್ಕದಲ್ಲೇ ಸಾಯಿ ಅಂತೆ. ಎರಡು ಸಲ ಹಾಕಿ ಕೇಳಿದೆ. ಕಿವಿ ತಂಪಾಯ್ತು. ಆ ಹಸಿರು ಕಂಬಳಿ ಎತ್ಕೋ, ಕೆಳಗೆ ಅವಳ ಮಂಚದ ಮೇಲೆ ಹಾಕು. ವ್ಯಾನಿನವನಿಗೆ ಇನ್ನೊಂದು ಲೋಟ ಕಾಫಿ ಕೊಟ್ಟು ಕಳಿಸು.

ನಡುಮಹಡಿಯ ಬಾಗಿಲಲ್ಲಿ ಅವರು ನಿಂತರು. ತಿದ್ದಪ್ಪ ಗೋಡೆಗೆ ಅಂಟಿಕೊಂಡಿದ್ದ.

ದೊಡ್ಡಮ್ಮ: ಏನೋ, ನನ್ನ ತಂಗಿಗೆ ಮಾತು ಬರಲ್ಲ ಅಂದ್ಕೊಂಡ್ಯಾ?

ತಿದ್ದಪ್ಪ: ತಪ್ಪಾಯ್ತು ದೊಡ್ಡಮ್ಮ. ಇನ್ನು ಮೇಲೆ ನಾನು ಬರೀ ಬುಟ್ಟಿ.

ಕೆಳಗೆ ಬಾಗಿಲು ಮುಚ್ಚಿತು. ನಗು ಕೇಳಿಸಿತು, ಅಳು ಕೇಳಿಸಿತು, ಮಂಚ ಎಳೆದದ್ದು ಕೇಳಿಸಿತು. ಎಂಜಿನಿಯರ್ ಆರಿದ ಕಾಫಿಯನ್ನು ಬಿಸಿಮಾಡುವಷ್ಟರಲ್ಲಿ ಮೆಟ್ಟಿಲ ಬುಡದಿಂದ ಅತ್ತೆಯ ಕೂಗು.

ಅತ್ತೆ: ಲೋ ತಿದ್ದಪ್ಪಾ! ಬಾರೋ ಇಲ್ಲಿ! ಈ ಮುದುಕಿಗೆ ಆ ಕಿಟಕಿ ಮುಚ್ಚು ಅಂತ ಹೇಳು!

ತಿದ್ದಪ್ಪ: ಒಂದೇ ರೂಮಲ್ಲಿದ್ದೀರಲ್ಲಮ್ಮ!

ಅತ್ತೆ: ನಾನು ಹೇಳಿದ್ರೆ ಕೇಳ್ತಾಳಾ ಅವಳು?

ಎಂಜಿನಿಯರ್: ಹೋಗಿ. ಒಂದಕ್ಷರ ತಿದ್ದಬೇಡಿ.

ಅವನು ಹೋದ. ಚಟ್ ಎಂದು ಏನೋ ಸದ್ದಾಯಿತು. ಬೆನ್ನು ಉಜ್ಜಿಕೊಳ್ಳುತ್ತ ಮೇಲೆ ಬಂದ.

ತಿದ್ದಪ್ಪ: ಇದ್ದದ್ದು ಇದ್ದ ಹಾಗೇ ಹೇಳ್ದೆ. "ಈ ಮುದುಕಿಗೆ ಆ ಕಿಟಕಿ ಮುಚ್ಚು ಅಂತ ಹೇಳು."

ಎಂಜಿನಿಯರ್: ಆಮೇಲೆ?

ತಿದ್ದಪ್ಪ: ಇಬ್ಬರೂ ಸೇರಿ ಕೊಟ್ರು. ಮುದುಕಿ ಅನ್ನೋ ಹಕ್ಕು ಅಮ್ಮನಿಗೆ ಮಾತ್ರವಂತೆ. ಕಿಟಕಿ ಇನ್ನೂ ತೆರೆದೇ ಇದೆ.

ಮಧ್ಯಾಹ್ನ ಎಂಜಿನಿಯರ್ ಸಭೆಗೆ ಒಯ್ದ ವರದಿಯಲ್ಲಿ ನಾಲ್ಕನೆಯ ಪುಟ ಇರಲಿಲ್ಲ. ಐದನೆಯ ಪುಟದ ಸಂಖ್ಯೆಯನ್ನು ಕೆಂಪು ಪೆನ್ಸಿಲಿನಲ್ಲಿ ನಾಲ್ಕು ಎಂದು ತಿದ್ದಲಾಗಿತ್ತು.